1780ರ ನಾಣ್ಯಕ್ಕೆ 28 ಲಕ್ಷ ರೂಪಾಯಿ ಸಿಗುತ್ತದೆಯೇ? ಮನೆಯ ಡಬ್ಬಿಯಲ್ಲಿರುವ ವಿದೇಶಿ ನಾಣ್ಯಗಳ ನಿಜವಾದ ಲೆಕ್ಕ

“ನಿಮ್ಮ ಮನೆಯಲ್ಲಿ ಹಳೆಯ ನಾಣ್ಯ ಇದೆಯೇ? ಕೂಡಲೇ ಈ ನಂಬರಿಗೆ ಫೋಟೋ ಕಳುಹಿಸಿ, ಮನೆಯಲ್ಲೇ ಕುಳಿತು ಲಕ್ಷಾಧಿಪತಿಗಳಾಗಿ.” ಇಂಥ ಮೆಸೇಜ್ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ವೈಷ್ಣೋದೇವಿ ಚಿತ್ರದ ನಾಣ್ಯದಿಂದ ಹಿಡಿದು ಗಲ್ಫ್ ದೇಶಗಳ ಚಿಲ್ಲರೆಯವರೆಗೆ ಎಲ್ಲದಕ್ಕೂ ಇಂಥ ಫಾರ್ವರ್ಡ್‌ಗಳಿವೆ. ಈ ಬಾರಿ ಅದು ನಮ್ಮ ಮನೆಯವರೆಗೇ ಬಂತು.

ಕುಂದಾಪುರದ ಕಡೆಯ ನಮ್ಮ ಸೋದರಮಾವ 1976ರಲ್ಲಿ ಮಸ್ಕತ್‌ಗೆ ಡ್ರೈವರ್ ಆಗಿ ಹೋದವರು. ಆಮೇಲೆ ದುಬೈಯಲ್ಲಿ ಕೆಲಸ ಮಾಡಿ 1999ರಲ್ಲಿ ಊರಿಗೆ ಮರಳಿದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಕಪಾಟು ಖಾಲಿ ಮಾಡುವಾಗ ಅತ್ತೆಗೆ ನಿಡೋ ಹಾಲಿನ ಪುಡಿಯ ಹಳೆಯ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಒಳಗೆ ತುಂಬ ನಾಣ್ಯ. ಅದರಲ್ಲಿ ಒಂದು ಮಾತ್ರ ಅಂಗೈಯಷ್ಟಲ್ಲದಿದ್ದರೂ ಉಳಿದವಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು, ಭಾರವೂ ಹೆಚ್ಚು. ಒಂದು ಬದಿಯಲ್ಲಿ ತಲೆಗೆ ಮುಸುಕು ಹಾಕಿದ ಹೆಂಗಸಿನ ಮುಖ, ಇನ್ನೊಂದು ಬದಿಯಲ್ಲಿ ಎರಡು ತಲೆಯ ಹದ್ದು, ಜೊತೆಗೆ 1780 ಎಂಬ ಇಸವಿ.

ಅತ್ತೆಯ ಮಗ ಅದರ ಫೋಟೋ ತೆಗೆದು ಫಾರ್ವರ್ಡ್‌ನಲ್ಲಿದ್ದ ನಂಬರಿಗೆ ಕಳಿಸಿದ. ಹತ್ತೇ ನಿಮಿಷದಲ್ಲಿ ಉತ್ತರ ಬಂತು: “ಸರ್, ಇದು ರಾಣಿಯ ನಾಣ್ಯ. 28 ಲಕ್ಷ ಕೊಡುತ್ತೇವೆ. ನೋಂದಣಿಗೆ 1,150 ರೂಪಾಯಿ ಕಳಿಸಿ.” ಅವನು ಕಳಿಸಿಯೂಬಿಟ್ಟ. ಮಾರನೆಯ ದಿನ ರಿಸರ್ವ್ ಬ್ಯಾಂಕಿನ ಲಾಂಛನವಿದ್ದ ಒಂದು ‘ಪ್ರಮಾಣಪತ್ರ’ ಬಂತು. ತೆರಿಗೆಗೆಂದು 18,500 ರೂಪಾಯಿ ಕೇಳಿದರು. ಆಗ ಅತ್ತೆ ನಮಗೆ ಫೋನ್ ಮಾಡಿದರು. “ದುಡ್ಡು ಬಂದ್ರೆ ಮಳೆಗಾಲದೊಳಗೆ ಮನೆ ಮಾಡು ಸರಿ ಮಾಡಿಸ್ಬಹುದಿತ್ತು. ಹದಿನೆಂಟೂವರೆ ಸಾವಿರ ಹೇಗಾದ್ರೂ ಹೊಂದಿಸ್ಲಾ?” ಎಂಬುದು ಅವರ ಪ್ರಶ್ನೆ.

ಹೊಂದಿಸಬೇಡಿ ಎಂದೆವು. ಆದರೆ ‘ಅದು ಮೋಸ’ ಎಂದಷ್ಟೇ ಹೇಳಿದರೆ ಅರ್ಧ ಉತ್ತರವಾಗುತ್ತದೆ. ಹಾಗಾದರೆ ಆ ನಾಣ್ಯದ ನಿಜವಾದ ಬೆಲೆ ಎಷ್ಟು? ಡಬ್ಬಿಯಲ್ಲಿದ್ದ ಉಳಿದವುಗಳ ಗತಿಯೇನು? ಒಂದು ಭಾನುವಾರ ಹಾಸಿನ ಮೇಲೆ ಡಬ್ಬಿ ಸುರಿದುಕೊಂಡು ಕುಳಿತೆವು. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಇದೇ ಕ್ರಮದಲ್ಲಿ ನೀವೂ ನೋಡಬಹುದು.

ಮೊದಲ ಕೆಲಸ: ದೇಶವಾರು ವಿಂಗಡಿಸಿ

ಡಬ್ಬಿಯಲ್ಲಿದ್ದದ್ದು ಒಟ್ಟು 158 ನಾಣ್ಯ. ಗಲ್ಫ್ ನಾಣ್ಯಗಳ ಮೇಲಿನ ಬರಹ ಅರಬ್ಬಿಯಲ್ಲಿರುವುದರಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಬರಹ ಓದಲು ಬಾರದಿದ್ದರೂ ಚಿತ್ರ ನೋಡಿ ದೇಶ ಗುರುತಿಸಬಹುದು.

ಉದ್ದ ಕೊಕ್ಕಿನ ಕಾಫಿ ಹೂಜಿ ಇದ್ದರೆ ಅದು ಸಂಯುಕ್ತ ಅರಬ್ ಎಮಿರೇಟ್ಸ್‌ನ (ಯುಎಇ) 1 ದಿರ್ಹಮ್. ಅದೇ ದೇಶದ 25 ಫಿಲ್ಸ್ ನಾಣ್ಯದಲ್ಲಿ ಜಿಂಕೆ, 50 ಫಿಲ್ಸ್‌ನಲ್ಲಿ ಎಣ್ಣೆ ಬಾವಿಯ ಗೋಪುರಗಳು. ಹಾಯಿ ಹಡಗು ಇದ್ದರೆ ಸಾಮಾನ್ಯವಾಗಿ ಕುವೈತ್. ಹಡಗಿನ ಜೊತೆ ಖರ್ಜೂರದ ಮರವೂ ಇದ್ದರೆ ಕತಾರ್. ಎರಡು ಕತ್ತಿಗಳ ಮೇಲೆ ಬಾಗಿದ ಬಾಕು ಇದ್ದರೆ ಒಮಾನ್. ಎರಡು ಕತ್ತಿಗಳ ಮೇಲೆ ಖರ್ಜೂರದ ಮರ ಇದ್ದರೆ ಸೌದಿ ಅರೇಬಿಯಾ.

ನಮ್ಮ ಲೆಕ್ಕದಲ್ಲಿ ಯುಎಇ 71, ಒಮಾನ್ 40, ಸೌದಿ 16, ಕುವೈತ್ 9, ಇರಾಕ್ 4 ಬಂದವು. ಬ್ರಿಟನ್, ಜರ್ಮನಿ, ಸಿಂಗಪುರದ್ದು ಸೇರಿ 10. ಹದ್ದಿನ ನಾಣ್ಯ ಒಂದು. ಉಳಿದ ಏಳು ನಮ್ಮದೇ ಭಾರತದ ನಯಾ ಪೈಸೆಗಳು!

ಭಾರತದ ನಾಣ್ಯ ಗಲ್ಫ್ ಡಬ್ಬಿಯಲ್ಲಿ ಏಕೆ? ಊರಿನಿಂದಲೇ ಮಾವನ ಜೇಬಿನಲ್ಲಿ ಹೋಗಿದ್ದಿರಬಹುದು. ಅಲ್ಲೇ ಸಿಕ್ಕಿದ್ದರೂ ಆಶ್ಚರ್ಯವಿಲ್ಲ. ಏಕೆಂದರೆ ಒಂದು ಕಾಲದಲ್ಲಿ ಕುವೈತ್, ಬಹ್ರೇನ್, ಕತಾರ್, ದುಬೈ, ಒಮಾನ್ ಕಡೆ ನಡೆಯುತ್ತಿದ್ದದ್ದು ಭಾರತದ ರೂಪಾಯಿಯೇ. ಅಲ್ಲಿಂದ ರೂಪಾಯಿಯ ಮೂಲಕ ಚಿನ್ನದ ಕಳ್ಳಸಾಗಣೆ ಹೆಚ್ಚಾದಾಗ, 1959ರಲ್ಲಿ ಆ ಪ್ರದೇಶಕ್ಕೆಂದೇ ಬೇರೆ ಬಣ್ಣದ ನೋಟುಗಳನ್ನು ಭಾರತ ಹೊರತಂದಿತು. ಅದಕ್ಕೆ ‘ಗಲ್ಫ್ ರೂಪಾಯಿ’ ಎಂಬ ಹೆಸರು ಬಂತು. ಕುವೈತ್ 1961ರಲ್ಲಿ, ಬಹ್ರೇನ್ 1965ರಲ್ಲಿ ಸ್ವಂತ ಹಣ ಮಾಡಿಕೊಂಡವು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಮೌಲ್ಯ ಇಳಿಸಿದ ಮೇಲೆ ಕತಾರ್, ದುಬೈ ಕಡೆಯವರೂ ಅದನ್ನು ಬಿಟ್ಟರು. ಒಮಾನ್ ಮಾತ್ರ 1970ರವರೆಗೆ ಬಳಸಿತು. ಒಮಾನಿನ ಚಿಲ್ಲರೆಗೆ ಇಂದಿಗೂ ‘ಬೈಸಾ’ ಎನ್ನುತ್ತಾರೆ. ಅದು ನಮ್ಮ ಪೈಸೆಯೇ.

ಎರಡನೆಯ ಕೆಲಸ: ಇಸವಿ ಓದಿ

ಗಲ್ಫ್ ನಾಣ್ಯಗಳ ಅಂಕಿಗಳು ಬೇರೆ. ಆದರೆ ಕಲಿಯಲು ಐದು ನಿಮಿಷ ಸಾಕು. ಚುಕ್ಕೆ ಇದ್ದರೆ ಸೊನ್ನೆ. ನೆಟ್ಟಗಿನ ಗೆರೆ 1. ಆ ಗೆರೆಯ ತಲೆಗೆ ಒಂದು ಕೊಂಡಿ ಇದ್ದರೆ 2, ಎರಡು ಕೊಂಡಿ ಇದ್ದರೆ 3. ಕನ್ನಡಿಯಲ್ಲಿ ಕಾಣುವ ಇಂಗ್ಲಿಷ್ ಮೂರರಂತಿದ್ದರೆ 4. ದುಂಡಗಿದ್ದರೆ 5. ಇಂಗ್ಲಿಷ್ ಏಳರಂತೆ ಕಂಡರೆ ಅದು 6. ಇಂಗ್ಲಿಷಿನ ‘ವಿ’ ಅಕ್ಷರದಂತಿದ್ದರೆ 7, ಅದೇ ತಲೆಕೆಳಗಾದರೆ 8. ಒಂಬತ್ತು ಮಾತ್ರ ನಮಗೆ ಗೊತ್ತಿರುವಂತೆಯೇ ಇರುತ್ತದೆ. ಅರಬ್ಬಿ ಬರಹ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ನಮ್ಮಂತೆಯೇ ಎಡದಿಂದ ಬಲಕ್ಕೆ ಓದಬೇಕು.

ಹೆಚ್ಚಿನವರು ಎಡವುವುದು ಎರಡು ಕಡೆ: ದುಂಡಗಿನ ಐದನ್ನು ಸೊನ್ನೆ ಎಂದುಕೊಳ್ಳುತ್ತಾರೆ, ಆರನ್ನು ಏಳು ಎಂದುಕೊಳ್ಳುತ್ತಾರೆ.

ಇನ್ನೊಂದು ಗೊಂದಲ ಇಸವಿಯದ್ದೇ. ಅತ್ತೆಯ ಮಗ ಒಂದು ಸೌದಿ ನಾಣ್ಯದ ಅಂಕಿಗಳನ್ನು ಸರಿಯಾಗಿಯೇ ಓದಿ “1400! ಆರುನೂರು ವರ್ಷ ಹಳೆಯದು” ಎಂದು ಹಿಗ್ಗಿದ. ಅದು ಹಿಜರಿ ಶಕೆಯ ಇಸವಿ. ಹಿಜರಿ ಚಾಂದ್ರಮಾನದ ಪಂಚಾಂಗ, ಅದರ ವರ್ಷ ನಮ್ಮ ಕ್ಯಾಲೆಂಡರ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಅದನ್ನು ನಮ್ಮ ಇಸವಿಗೆ ತರಲು ಒಂದು ಸರಳ ಲೆಕ್ಕವಿದೆ. ಹಿಜರಿ ಇಸವಿಯಿಂದ ಶೇ. 3ರಷ್ಟನ್ನು ಕಳೆದು 622 ಕೂಡಿಸಿ. 1400ರಿಂದ 42 ಕಳೆದರೆ 1358, ಅದಕ್ಕೆ 622 ಕೂಡಿಸಿದರೆ 1980. ಅಂದರೆ ಆ ನಾಣ್ಯ ಮಾವ ಗಲ್ಫ್‌ನಲ್ಲಿದ್ದಾಗಲೇ ಅಚ್ಚಾದದ್ದು!

ಬೇರೆ ದೇಶಗಳಲ್ಲೂ ಇಂಥದ್ದಿದೆ. ನೇಪಾಳದ ನಾಣ್ಯದಲ್ಲಿ ವಿಕ್ರಮ ಸಂವತ್ ಇರುತ್ತದೆ, ಸುಮಾರು 57 ಕಳೆಯಬೇಕು. ಥಾಯ್ಲೆಂಡಿನಲ್ಲಿ ಬೌದ್ಧ ಶಕೆ, 543 ಕಳೆಯಬೇಕು. ಜಪಾನಿನಲ್ಲಿ ಚಕ್ರವರ್ತಿಯ ಆಳ್ವಿಕೆಯ ವರ್ಷ ಬರೆಯುತ್ತಾರೆ. ನಡುವೆ ತೂತಿರುವ ಹಳದಿ ಬಣ್ಣದ 5 ಯೆನ್ ನಾಣ್ಯದಲ್ಲಂತೂ ನಮಗೆ ಓದಲು ಬರುವ ಒಂದು ಅಂಕಿಯೂ ಇರುವುದಿಲ್ಲ. ಹಾಗೆಂದು ಅದು ಪ್ರಾಚೀನ ಚೀನಾದ ನಾಣ್ಯವಲ್ಲ, ಇಂದಿಗೂ ಜಪಾನಿನ ಅಂಗಡಿಗಳಲ್ಲಿ ನಡೆಯುವ ಚಿಲ್ಲರೆ.

ಹೆಸರು ಒಂದೇ, ಬೆಲೆ ಬೇರೆ ಬೇರೆ

ಯುಎಇಯಲ್ಲಿ ದಿರ್ಹಮ್ ದೊಡ್ಡ ಹಣ, ಅದರ ನೂರನೇ ಒಂದು ಭಾಗ ಫಿಲ್ಸ್. ಪಕ್ಕದ ಕತಾರ್‌ನಲ್ಲಿ ದೊಡ್ಡ ಹಣ ರಿಯಾಲ್, ದಿರ್ಹಮ್ ಅದರ ನೂರನೇ ಒಂದು ಭಾಗ. ಹಾಗಾಗಿ ‘50 ದಿರ್ಹಮ್’ ಎಂದು ಬರೆದ ಕತಾರ್ ನಾಣ್ಯವನ್ನು ನೋಡಿ ಯುಎಇಯ 50 ದಿರ್ಹಮ್ ಎಂದು ಲೆಕ್ಕ ಹಾಕಿದರೆ ನೂರು ಪಟ್ಟು ತಪ್ಪುತ್ತದೆ. ಕುವೈತ್‌ನಲ್ಲಿ ಒಂದು ದಿನಾರ್‌ಗೆ 1,000 ಫಿಲ್ಸ್. ಒಮಾನ್‌ನಲ್ಲಿ ಒಂದು ರಿಯಾಲ್‌ಗೆ 1,000 ಬೈಸಾ.

ಇರಾಕಿನ ನಾಣ್ಯಗಳ ಕಥೆ ಇನ್ನೂ ಬೇರೆ. ಮಾವನ ರೂಮಿನಲ್ಲಿದ್ದ ಒಬ್ಬರು ಬಸ್ರಾದಿಂದ ಬಂದವರಂತೆ, ಅವರು ಕೊಟ್ಟ 50 ಫಿಲ್ಸ್‌ನ ನಾಲ್ಕು ನಾಣ್ಯಗಳಿದ್ದವು. 1980ರ ಸುಮಾರಿಗೆ ಇರಾಕಿನ ಒಂದು ದಿನಾರ್‌ಗೆ ಸರ್ಕಾರಿ ದರದಲ್ಲಿ ಮೂರು ಡಾಲರ್‌ಗೂ ಹೆಚ್ಚು ಸಿಗುತ್ತಿತ್ತು. ಯುದ್ಧ, ನಿರ್ಬಂಧ, ಹಣದುಬ್ಬರ ಎಲ್ಲ ಸೇರಿ ಈಗ ಒಂದು ಡಾಲರ್‌ಗೆ ಸುಮಾರು 1,300 ದಿನಾರ್. 50 ಫಿಲ್ಸ್ ಎಂದರೆ ಆ ಒಂದು ದಿನಾರ್‌ನ ಇಪ್ಪತ್ತನೇ ಒಂದು ಭಾಗ. ಅಂದು ಒಂದು ಚಹಾ ಕುಡಿಯಬಹುದಾಗಿದ್ದ ನಾಣ್ಯ ಇಂದು ಹಣವಾಗಿ ಏನೂ ಅಲ್ಲ.

ಯುಎಇಯ ನಾಣ್ಯಗಳ ಲೆಕ್ಕ ಸುಲಭ. 1 ದಿರ್ಹಮ್ 31, 50 ಫಿಲ್ಸ್ 22, 25 ಫಿಲ್ಸ್ 18. ಒಟ್ಟು 46 ದಿರ್ಹಮ್ 50 ಫಿಲ್ಸ್. ದಿರ್ಹಮ್‌ಗೆ 22 ರೂಪಾಯಿ ಎಂದು ಹಿಡಿದರೂ ಸಾವಿರ ರೂಪಾಯಿ ದಾಟುತ್ತದೆ. ಡಬ್ಬಿಯಲ್ಲಿ ಕಣ್ಣಿಗೇ ಬೀಳದೆ ಬಿದ್ದಿದ್ದ ಚಿಲ್ಲರೆ ಇದು.

1780 ಎಂದಿದ್ದರೂ ಅದು 1780ರದ್ದಲ್ಲದಿರಬಹುದು!

ಈಗ ಹದ್ದಿನ ನಾಣ್ಯಕ್ಕೆ ಬರೋಣ. ಇದರ ಹೆಸರು ಮರಿಯಾ ಥೆರೇಸಾ ಥಾಲರ್. ನಾಣ್ಯದ ಮೇಲಿರುವಾಕೆ ಆಸ್ಟ್ರಿಯಾವನ್ನು 1740ರಿಂದ 1780ರವರೆಗೆ ಆಳಿದ ಮರಿಯಾ ಥೆರೇಸಾ. ಈಕೆಯ ಬೆಳ್ಳಿ ನಾಣ್ಯಗಳು ವ್ಯಾಪಾರಿಗಳ ಕೈಯಲ್ಲಿ ಕೆಂಪು ಸಮುದ್ರದ ಬಂದರುಗಳು, ಯೆಮನ್, ಒಮಾನ್, ಇಥಿಯೋಪಿಯಾವರೆಗೆ ಹೋದವು. ಅಲ್ಲಿನ ಜನ ಈ ಮುಖವನ್ನು, ಈ ತೂಕವನ್ನು ಎಷ್ಟು ನಂಬಿದರೆಂದರೆ ಬೇರೆ ಚಿತ್ರದ ನಾಣ್ಯ ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ.

ರಾಣಿ 1780ರಲ್ಲಿ ತೀರಿಕೊಂಡಳು. ಆದರೆ ನಾಣ್ಯಕ್ಕೆ ಬೇಡಿಕೆ ನಿಲ್ಲಲಿಲ್ಲ. ಟಂಕಸಾಲೆಯವರು ಒಂದು ಉಪಾಯ ಮಾಡಿದರು. ಅದೇ ಮುಖ, ಅದೇ ಹದ್ದು, ಅದೇ 1780 ಇಸವಿಯನ್ನು ಉಳಿಸಿಕೊಂಡು ಅಚ್ಚು ಹಾಕುತ್ತಲೇ ಹೋದರು. 1935ರಲ್ಲಿ ಇಥಿಯೋಪಿಯಾದ ಮೇಲೆ ಯುದ್ಧಕ್ಕೆ ಹೊರಟ ಇಟಲಿಯೂ ಇದನ್ನು ಅಚ್ಚು ಹಾಕಿಸಿತು. ಅದರ ಬೆನ್ನಿಗೆ ಲಂಡನ್, ಪ್ಯಾರಿಸ್, ಬ್ರಸೆಲ್ಸ್‌ನಲ್ಲೂ ಅಚ್ಚಾಯಿತು. 1940–41ರಲ್ಲಿ ನಮ್ಮ ಬಾಂಬೆಯ ಟಂಕಸಾಲೆಯಲ್ಲೂ ಆಯಿತು. ಆಸ್ಟ್ರಿಯಾದ ಟಂಕಸಾಲೆ ಇಂದಿಗೂ ಇದನ್ನು ತಯಾರಿಸಿ ಮಾರುತ್ತದೆ. ಎಲ್ಲದರ ಮೇಲೂ ಇಸವಿ 1780 ಎಂದೇ ಇರುತ್ತದೆ.

ಅಂದರೆ ನಾಣ್ಯದ ಮೇಲಿರುವ ಇಸವಿ ಅದು ಹುಟ್ಟಿದ ಇಸವಿ ಆಗಿರಲೇಬೇಕೆಂದಿಲ್ಲ. ಇಂಥ ನಾಣ್ಯಗಳು ಕೋಟಿಗಟ್ಟಲೆ ಅಚ್ಚಾಗಿವೆ. ಒಮಾನಿನ ಬೆಳ್ಳಿ ಒಡವೆಗಳಲ್ಲೂ ಇವನ್ನು ಪೋಣಿಸುತ್ತಿದ್ದರು, ಅಲ್ಲಿನ ಹಳೆಯ ಪೇಟೆಗಳಲ್ಲಿ ಬಿಡಿಯಾಗಿಯೂ ಮಾರುತ್ತಿದ್ದರು. “ಮಸ್ಕತ್‌ನ ಮುತ್ರಾ ಪೇಟೆಯಲ್ಲಿ ತಗೊಂಡದ್ದು ಅಂತ ಒಮ್ಮೆ ಹೇಳಿದ್ರು” ಎಂದು ಅತ್ತೆಗೂ ಆಮೇಲೆ ನೆನಪಾಯಿತು.

ಮೊದಮೊದಲ ಅಚ್ಚಿನವುಗಳಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ, ನಿಜ. ಆದರೆ ಅದನ್ನು ಪತ್ತೆಹಚ್ಚುವುದು ಅಕ್ಷರಗಳ ರೂಪ, ಹದ್ದಿನ ಗರಿ, ರಾಣಿಯ ಪದಕದ ಮುತ್ತುಗಳು ಇಂಥ ಸೂಕ್ಷ್ಮ ಗುರುತುಗಳಿಂದ. ಹತ್ತು ನಿಮಿಷದಲ್ಲಿ ಮೊಬೈಲ್ ಫೋಟೋ ನೋಡಿ ಆಗುವ ಕೆಲಸ ಅದಲ್ಲ. ಉಳಿದಂತೆ ಈ ನಾಣ್ಯದ ಬೆಲೆ ಅದರಲ್ಲಿರುವ ಬೆಳ್ಳಿಯ ಸುತ್ತಮುತ್ತಲೇ ಇರುತ್ತದೆ.

ಅದು ನಿಜವಾಗಿ ಬೆಳ್ಳಿಯೇ? ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಬೆಳ್ಳಗೆ ಹೊಳೆಯುವ ನಾಣ್ಯವೆಲ್ಲ ಬೆಳ್ಳಿಯಲ್ಲ. ನಮ್ಮ ಡಬ್ಬಿಯಲ್ಲಿದ್ದ ದಿರ್ಹಮ್, ಹಲಾಲಾಗಳು ತಾಮ್ರ ಮತ್ತು ನಿಕ್ಕಲ್‌ನ ಮಿಶ್ರಲೋಹ. ಸಾಮಾನ್ಯವಾಗಿ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್ ಇರುತ್ತದೆ. ಅಷ್ಟು ತಾಮ್ರವಿದ್ದರೂ ನಿಕ್ಕಲ್‌ನಿಂದಾಗಿ ಬಿಳಿ ಬಣ್ಣ ಬರುತ್ತದೆ.

“ಅಯಸ್ಕಾಂತಕ್ಕೆ ಅಂಟದಿದ್ದರೆ ಬೆಳ್ಳಿ” ಎಂಬ ಮಾತು ಕೇಳಿರುತ್ತೀರಿ. ಇದು ಅರ್ಧ ಸತ್ಯ. ಅಂಟಿದರೆ ಬೆಳ್ಳಿಯಲ್ಲ ಎಂಬುದು ಸರಿ. ಆದರೆ ಅಂಟದಿದ್ದರೆ ಬೆಳ್ಳಿ ಎನ್ನಲಾಗದು. ನಿಕ್ಕಲ್ ಒಂದೇ ಇದ್ದರೆ ಅಯಸ್ಕಾಂತಕ್ಕೆ ಅಂಟುತ್ತದೆ. ಅದಕ್ಕೆ ಇಷ್ಟು ತಾಮ್ರ ಬೆರೆತಾಗ ಆ ಗುಣ ಹೊರಟುಹೋಗುತ್ತದೆ. ಹಾಗಾಗಿ ತಾಮ್ರ-ನಿಕ್ಕಲ್ ನಾಣ್ಯವೂ ಬೆಳ್ಳಿಯಂತೆ ಅಂಟದೇ ಉಳಿಯುತ್ತದೆ.

ಹೆಚ್ಚು ನಂಬಬಹುದಾದದ್ದು ಸಾಂದ್ರತೆಯ ಪರೀಕ್ಷೆ. ಹಗುರ ತೂಕಗಳನ್ನೂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ತೂಗಿ ಬರೆದುಕೊಳ್ಳಿ. ಆಮೇಲೆ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ ಹಿಡಿದುಕೊಳ್ಳಿ. ತಳಕ್ಕಾಗಲಿ ಬದಿಗಾಗಲಿ ತಾಗಬಾರದು. ಈಗ ತಕ್ಕಡಿ ತೋರಿಸುವ ತೂಕ ಎಂದರೆ ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ನೀರು ಮಿಲಿಲೀಟರಿಗೆ ಒಂದು ಗ್ರಾಂ ಇರುವುದರಿಂದ ಅದೇ ನಾಣ್ಯದ ಗಾತ್ರವೂ ಹೌದು. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಶಾಲೆಯಲ್ಲಿ ಓದಿದ ಆರ್ಕಿಮಿಡೀಸ್ ತತ್ವವೇ ಇದು.

ಶುದ್ಧ ಬೆಳ್ಳಿಯ ಸಾಂದ್ರತೆ ಸುಮಾರು 10.5. ತಾಮ್ರ-ನಿಕ್ಕಲ್‌ನದ್ದು ಸುಮಾರು 8.9. ಥಾಲರ್‌ನಲ್ಲಿ ಬೆಳ್ಳಿ ಶೇ. 83ರಷ್ಟು, ಉಳಿದದ್ದು ತಾಮ್ರ. ಹಾಗಾಗಿ ಅದು 10.2ರ ಆಸುಪಾಸು ಬರಬೇಕು. ನಮ್ಮ ನಾಣ್ಯ 28 ಗ್ರಾಂ ತೂಗಿತು, ನೀರಿನಲ್ಲಿ ಹಿಡಿದಾಗ ತಕ್ಕಡಿ ಸುಮಾರು 2.8 ತೋರಿಸಿತು. ಭಾಗಿಸಿದರೆ 10. ತಕ್ಕಡಿಯ ಸಣ್ಣ ವ್ಯತ್ಯಾಸ ಬಿಟ್ಟರೆ ಬೆಳ್ಳಿಯ ನಾಣ್ಯ ಎನ್ನಲು ಅಡ್ಡಿಯಿಲ್ಲ. ಇದರಲ್ಲಿರುವ ಬೆಳ್ಳಿ ಸುಮಾರು 23.4 ಗ್ರಾಂ. ಅಂದಿನ ಬೆಳ್ಳಿ ದರದಿಂದ ಗುಣಿಸಿದರೆ ಬೆಲೆ ಗೊತ್ತಾಗುತ್ತದೆ. ಲೆಕ್ಕ ಸುಲಭವಾಗಲೆಂದು ಗ್ರಾಂಗೆ 100 ರೂಪಾಯಿ ಎಂದಿಟ್ಟುಕೊಂಡರೆ 2,340 ರೂಪಾಯಿ. ದರ ಇದರ ಎರಡು-ಮೂರು ಪಟ್ಟು ಇದ್ದರೂ 28 ಲಕ್ಷ ಎಲ್ಲಿ, ಇದೆಲ್ಲಿ?

ಹಳೆಯದಾದಷ್ಟೂ ಬೆಲೆ ಹೆಚ್ಚೇ?

ಇಲ್ಲ. ನಾಣ್ಯದ ಬೆಲೆಯನ್ನು ನಿರ್ಧರಿಸುವುದು ನಾಲ್ಕು ಸಂಗತಿ: ಎಷ್ಟು ಉಳಿದಿವೆ, ಎಷ್ಟು ಜನರಿಗೆ ಬೇಕು, ಯಾವ ಸ್ಥಿತಿಯಲ್ಲಿದೆ, ಯಾವ ಲೋಹದ್ದು. ವಯಸ್ಸು ಈ ಪಟ್ಟಿಯಲ್ಲಿ ನೇರವಾಗಿ ಇಲ್ಲವೇ ಇಲ್ಲ.

ನಾಲ್ಕನೇ ಶತಮಾನದ ರೋಮನ್ ಸಾಮ್ರಾಜ್ಯದ ಸಣ್ಣ ತಾಮ್ರ-ಕಂಚಿನ ನಾಣ್ಯಗಳು 1,600 ವರ್ಷಕ್ಕೂ ಹಳೆಯವು. ಆದರೆ ಯುರೋಪಿನ ನೆಲದಲ್ಲಿ ಅವು ರಾಶಿರಾಶಿ ಸಿಕ್ಕಿರುವುದರಿಂದ ಸವೆದ ನಾಣ್ಯಗಳು ಕೆಲವೇ ಡಾಲರ್‌ಗೆ ಸಿಗುತ್ತವೆ. ಇನ್ನೊಂದು ಕಡೆ ಬ್ರಿಟನ್ 2009ರಲ್ಲಿ ಕ್ಯೂ ಸಸ್ಯೋದ್ಯಾನದ ಚಿತ್ರವಿರುವ 50 ಪೆನ್ಸ್ ನಾಣ್ಯ ಹೊರತಂದಿತು. ಚಲಾವಣೆಗೆ ಬಂದದ್ದು 2.1 ಲಕ್ಷ ಮಾತ್ರ. ಇಂದು ಸಂಗ್ರಾಹಕರು ಅದಕ್ಕೆ ನೂರು ಪೌಂಡಿನ ಆಸುಪಾಸು ಕೊಡುತ್ತಾರೆ. ಅಮೆರಿಕದ 1933ರ 20 ಡಾಲರ್ ಚಿನ್ನದ ನಾಣ್ಯಗಳನ್ನು ಬಹುಪಾಲು ಸರ್ಕಾರವೇ ಕರಗಿಸಿತು. ಉಳಿದವುಗಳಲ್ಲಿ ಒಂದು 2021ರ ಹರಾಜಿನಲ್ಲಿ ಸುಮಾರು 1.89 ಕೋಟಿ ಡಾಲರ್‌ಗೆ ಹೋಯಿತು.

ಬೆಲೆ ಹುಡುಕುವಾಗ ಒಂದು ಎಚ್ಚರ ಬೇಕು. ಆನ್‌ಲೈನ್‌ನಲ್ಲಿ ಯಾರೋ ಒಬ್ಬರು ನಾಣ್ಯಕ್ಕೆ ‘ಹತ್ತು ಲಕ್ಷ’ ಎಂದು ಬರೆದಿದ್ದರೆ ಅದು ಅವರು ಕೇಳುತ್ತಿರುವ ಬೆಲೆ ಅಷ್ಟೇ. ನಿಜವಾಗಿ ಮಾರಾಟವಾದ ಬೆಲೆ ನೋಡಬೇಕು. ನಾಣ್ಯ ಯಾವುದೆಂದು ಗುರುತಿಸಲು ‘ನ್ಯೂಮಿಸ್ಟಾ’ ಎಂಬ ಉಚಿತ ಜಾಲತಾಣ ಉಪಯುಕ್ತ.

ಹುಣಸೆಹಣ್ಣು ಹಾಕಿ ತಿಕ್ಕಬೇಡಿ!

ನಾವು ಹೋಗುವಷ್ಟರಲ್ಲಿ ಅತ್ತೆ ಕೆಲವು ನಾಣ್ಯಗಳನ್ನು ಹುಣಸೆಹಣ್ಣಿನಲ್ಲಿ ನೆನೆಸಿ ತಿಕ್ಕಿ ಇಟ್ಟಿದ್ದರು. ದೇವರ ದೀಪಕ್ಕೆ ಸರಿ, ನಾಣ್ಯಕ್ಕೆ ಬೇಡ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಲೋಹದ ಮೇಲಿನ ಆಕ್ಸೈಡ್ ಪದರವನ್ನು ಕರಗಿಸುತ್ತದೆ, ಆಮೇಲೆ ನಾರಿನಿಂದ ತಿಕ್ಕಿದಾಗ ಸಣ್ಣ ಗೀರುಗಳು ಬೀಳುತ್ತವೆ. ಕಾಲಕ್ರಮೇಣ ಕೂತ ಬಣ್ಣ, ಅಚ್ಚಿನ ಮೂಲ ಹೊಳಪು ಎರಡೂ ಹೋಗುತ್ತವೆ. ಇಂಥ ನಾಣ್ಯವನ್ನು ಸಂಗ್ರಾಹಕರು ಭೂತಗನ್ನಡಿಯಲ್ಲಿ ನೋಡಿದ ಕೂಡಲೇ ಪಕ್ಕಕ್ಕಿಡುತ್ತಾರೆ. ಜಿಗುಟು ಇದ್ದರೆ ಸಾದಾ ನೀರಿನಲ್ಲಿ ನೆನೆಸಿ, ಮೆತ್ತಗಿನ ಬಟ್ಟೆಯ ಮೇಲಿಟ್ಟು ಒಣಗಿಸಿದರೆ ಸಾಕು. ಅಗ್ಗದ ಪಿವಿಸಿ ಪ್ಲಾಸ್ಟಿಕ್ ಕವರ್‌ಗಳೂ ಬೇಡ. ವರ್ಷಗಳು ಕಳೆದಂತೆ ಅವುಗಳಿಂದ ಹೊರಬರುವ ರಾಸಾಯನಿಕಗಳು ನಾಣ್ಯದ ಮೇಲೆ ಹಸಿರು ಅಂಟು ಹಿಡಿಸುತ್ತವೆ. ಕಾಗದದ ಲಕೋಟೆ ಒಳ್ಳೆಯದು.

ವಿದೇಶಿ ನಾಣ್ಯ ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರೆಯೇ?

ಅತ್ತೆಗಿದ್ದ ಇನ್ನೊಂದು ಹೆದರಿಕೆ ಇದು. ಮೋಸಗಾರರೂ ಇದೇ ಹೆದರಿಕೆಯನ್ನು ಬಳಸಿಕೊಳ್ಳುತ್ತಾರೆ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ (ಫೆಮಾ) ನಿಯಮಗಳ ಪ್ರಕಾರ ಭಾರತದಲ್ಲಿ ವಾಸಿಸುವವರು ವಿದೇಶಿ ನಾಣ್ಯಗಳನ್ನು ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು. ಮಿತಿ ಇರುವುದು ನೋಟುಗಳಿಗೆ. ವಿದೇಶಿ ನೋಟು ಮತ್ತು ಟ್ರಾವೆಲರ್ಸ್ ಚೆಕ್ ಸೇರಿ 2,000 ಡಾಲರ್ ಮೌಲ್ಯದವರೆಗೆ ಮಾತ್ರ ಇಟ್ಟುಕೊಳ್ಳಬಹುದು. ನೂರು ವರ್ಷ ದಾಟಿದ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತವೆ, ಅವನ್ನು ಖಾಸಗಿಯವರು ಮಾರಾಟಕ್ಕೆಂದು ವಿದೇಶಕ್ಕೆ ಕಳಿಸುವಂತಿಲ್ಲ. “ಅಂಚೆಯಲ್ಲಿ ಲಂಡನ್‌ಗೆ ಕಳಿಸಿ” ಎನ್ನುವವರನ್ನು ನಂಬದಿರಲು ಇದೂ ಒಂದು ಕಾರಣ.

ಬ್ಯಾಂಕಿನಲ್ಲಿ ಬದಲಾಯಿಸಬಹುದೇ?

ನೋಟು ತೆಗೆದುಕೊಳ್ಳುವ ವಿನಿಮಯ ಕೇಂದ್ರಗಳೂ ಸಾಮಾನ್ಯವಾಗಿ ನಾಣ್ಯ ಮುಟ್ಟುವುದಿಲ್ಲ. ಕಾರಣ ತೂಕ. 1 ಯುರೋ ನಾಣ್ಯ 7.5 ಗ್ರಾಂ. ಸಾವಿರ ಯುರೋ ನಾಣ್ಯದಲ್ಲಿದ್ದರೆ ಏಳೂವರೆ ಕಿಲೋ, 100 ಯುರೋ ನೋಟಿನಲ್ಲಿದ್ದರೆ ಹತ್ತೇ ಹಾಳೆ. ಎಣಿಸಿ, ವಿಂಗಡಿಸಿ ಆ ದೇಶಕ್ಕೆ ಸಾಗಿಸುವ ಖರ್ಚಿಗೆ ನಾಣ್ಯದ ಬೆಲೆಯೇ ಮುಗಿಯುತ್ತದೆ. ಹಾಗಾಗಿ ಇಂದಿಗೂ ಚಲಾವಣೆಯಲ್ಲಿರುವ ನಾಣ್ಯಗಳನ್ನು ಆ ದೇಶಕ್ಕೆ ಹೋಗುವವರ ಕೈಯಲ್ಲಿ ಕೊಡುವುದೇ ಸುಲಭದ ದಾರಿ.

ಚಲಾವಣೆ ನಿಂತವುಗಳಿಗೆ ದೇಶಕ್ಕೊಂದು ನಿಯಮ. ಜರ್ಮನಿಯ ಹಳೆಯ ಮಾರ್ಕ್‌ಗಳನ್ನು ಅಲ್ಲಿನ ಕೇಂದ್ರ ಬ್ಯಾಂಕ್ ಕಾಲಮಿತಿಯಿಲ್ಲದೆ ಬದಲಾಯಿಸಿಕೊಡುತ್ತದೆ, 1.95583 ಮಾರ್ಕ್‌ಗೆ ಒಂದು ಯುರೋ. ಆದರೆ ಇಟಲಿಯ ಲಿರಾಗೆ 2011ರಲ್ಲಿ, ಸ್ಪೇನಿನ ಪೆಸೆಟಾಗೆ 2021ರಲ್ಲಿ ಬಾಗಿಲು ಮುಚ್ಚಿತು. ಬ್ರಿಟನ್‌ನ ದುಂಡಗಿನ 1 ಪೌಂಡ್ ನಾಣ್ಯ 2017ರ ಅಕ್ಟೋಬರ್ 15ರ ಬಳಿಕ ಅಂಗಡಿಗಳಲ್ಲಿ ನಡೆಯುವುದಿಲ್ಲ. ಈಗ ನಡೆಯುವುದು ಹನ್ನೆರಡು ಮೂಲೆಯದ್ದು.

ಫೋಟೋ ನೋಡಿ ಲಕ್ಷ ಕೊಡುವವರು ಯಾರು?

ಈಗ ಮತ್ತೆ ಆ ನಂಬರಿಗೆ ಬರೋಣ. ನಿಜವಾಗಿ ಕೊಳ್ಳುವವರು ನಾಣ್ಯವನ್ನು ಕೈಯಲ್ಲಿ ಹಿಡಿದು, ತೂಗಿ, ಅಂಚು ನೋಡಿ ಆಮೇಲೆ ಬೆಲೆ ಹೇಳುತ್ತಾರೆ. ಹಣ ಅವರಿಂದ ನಿಮ್ಮ ಕಡೆಗೆ ಬರುತ್ತದೆ. ಮೋಸಗಾರರಿಗೆ ನಾಣ್ಯದಲ್ಲಿ ಆಸಕ್ತಿಯೇ ಇಲ್ಲ. 28 ಲಕ್ಷ ಎಂದು ಹೇಳಲು ಅವರಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ಮೊದಲು ಚಿಕ್ಕ ಮೊತ್ತ ಕೇಳುತ್ತಾರೆ, ಅದು ಬಂದರೆ ತೆರಿಗೆ, ವಿಮೆ, ಅನುಮತಿ ಪತ್ರ ಎಂದು ದೊಡ್ಡದು ಕೇಳುತ್ತಾರೆ. “ಆಗಲೇ 1,150 ಹೋಗಿದೆ, ಈಗ ಬಿಟ್ಟರೆ ಅದೂ ಹೋಯಿತು” ಎಂಬ ನಮ್ಮದೇ ಯೋಚನೆ ಅವರ ಬಂಡವಾಳ.

ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಇದರ ಬಗ್ಗೆಯೇ ಪ್ರಕಟಣೆ ಹೊರಡಿಸಿದೆ. ಹಳೆಯ ನೋಟು, ನಾಣ್ಯಗಳ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕಾಗಿ ಶುಲ್ಕವನ್ನಾಗಲಿ ಕಮಿಷನ್ ಅನ್ನಾಗಲಿ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ಹಣ ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಅಂದರೆ ಆ ಲಾಂಛನದ ಪ್ರಮಾಣಪತ್ರ ನಕಲಿ.

ಅತ್ತೆಯ ಮಗ ಹಣ ಕಳಿಸಲು ತಡಮಾಡಿದಾಗ ಆ ವ್ಯಕ್ತಿ ಇನ್ನೊಂದು ಪ್ರಶ್ನೆ ಕೇಳಿದ್ದ: “ನಾಣ್ಯ ಅಕ್ಕಿ ಎಳೆಯುತ್ತದಾ ನೋಡಿ. ಎಳೆದರೆ ಕೋಟಿ.” ಇದು ‘ರೈಸ್ ಪುಲ್ಲರ್’ ಎಂಬ ಹಳೆಯ ವಂಚನೆ. ಅಕ್ಕಿಯನ್ನು ಹೀಗೆ ತನ್ನತ್ತ ಎಳೆದುಕೊಳ್ಳುವ ಶಕ್ತಿ ಯಾವ ನಾಣ್ಯಕ್ಕೂ, ಯಾವ ತಂಬಿಗೆಗೂ ಇಲ್ಲ. ಅಕ್ಕಿಯಲ್ಲಿ ಕಬ್ಬಿಣದ ಚೂರು ಸೇರಿಸಿ, ಮರೆಯಲ್ಲಿ ಅಯಸ್ಕಾಂತ ಇಟ್ಟು ತೋರಿಸುವ ಕಣ್ಕಟ್ಟು ಅದು.

ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣ ಮುಂದಿನ ಖಾತೆಗೆ ಹೋಗುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು. ನಾವು ದೂರು ಕೊಟ್ಟದ್ದು ಮೂರನೆಯ ದಿನ. 1,150 ರೂಪಾಯಿ ಇನ್ನೂ ವಾಪಸ್ ಬಂದಿಲ್ಲ. ಆದರೆ 18,500 ರೂಪಾಯಿ ಉಳಿಯಿತು.

ಕೊನೆಗೆ ಡಬ್ಬಿಯಲ್ಲಿ ಉಳಿದದ್ದೇನು?

ಯುಎಇಯ ನಾಣ್ಯಗಳನ್ನು ಶಾರ್ಜಾದಿಂದ ರಜೆಗೆ ಬಂದಿದ್ದ ಪಕ್ಕದ ಮನೆಯ ಹುಡುಗ ತೆಗೆದುಕೊಂಡು ಸಾವಿರ ರೂಪಾಯಿ ಕೊಟ್ಟ. ಒಮಾನ್, ಕುವೈತ್, ಸೌದಿಯವು ಬೇರೆ ಬೇರೆ ಲಕೋಟೆಯಲ್ಲಿ ಕುಳಿತಿವೆ, ಆ ಕಡೆ ಹೋಗುವವರಿಗಾಗಿ. ನಯಾ ಪೈಸೆಗಳನ್ನು ಮೊಮ್ಮಗಳು ಶಾಲೆಗೆ ಒಯ್ದು ತೋರಿಸಿದಳು. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆಯಲ್ಲಿ ಒಂದು ನಾಣ್ಯ ಸಂಗ್ರಹಾಲಯ ಇದೆ. ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಮಾತೂ ಆಗಿದೆ.

ಥಾಲರ್ ಅನ್ನು ಅತ್ತೆ ಮಾರಲಿಲ್ಲ. ಮಾಡಿನ ರಿಪೇರಿಗೆ ಸೊಸೈಟಿಯಲ್ಲಿ ಸಾಲ ಕೇಳಿದ್ದಾರೆ. “ಅವ್ರು ದುಡಿದದ್ದೆಲ್ಲ ಆಗಲೇ ಡ್ರಾಫ್ಟ್ ಆಗಿ ಬಂದಿತ್ತು ಮಾರಾಯ. ಈ ಮನೆ ಕಟ್ಟಿದ್ದೂ ಅದ್ರಲ್ಲೇ. ಡಬ್ಬಿಯಲ್ಲಿ ಇದ್ದದ್ದು ಕಿಸೆಯಲ್ಲಿ ಉಳಿದ ಚಿಲ್ಲರೆ” ಎಂದರು.

ನೆನಪಿಡಿ:
• ನಾಣ್ಯದ ಮೇಲಿನ ಇಸವಿ ಯಾವ ಶಕೆಯದ್ದು ಎಂದು ಮೊದಲು ನೋಡಿ.
• ಹಳೆಯದು ಎಂದ ಮಾತ್ರಕ್ಕೆ ದುಬಾರಿಯಲ್ಲ.
• ತೊಳೆಯಬೇಡಿ, ತಿಕ್ಕಬೇಡಿ.
• ವಿದೇಶಿ ನಾಣ್ಯ ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಲ್ಲ.
• ನಾಣ್ಯ ಕೊಳ್ಳುತ್ತೇವೆ ಎಂದವರು ನಿಮ್ಮಿಂದಲೇ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಕಳಿಸಿಬಿಟ್ಟಿದ್ದರೆ 1930ಕ್ಕೆ ಕರೆ ಮಾಡಿ.

‘ಲಕ್ಷಾಧಿಪತಿಗಳಾಗಿ’ ಎಂಬ ಮೆಸೇಜ್ ಬಂದ ಗ್ರೂಪ್‌ಗೇ ಇದನ್ನೂ ಕಳಿಸಿ. ಅಲ್ಲಿ ಇನ್ನೊಬ್ಬರ ಅತ್ತೆ ಹಣ ಹೊಂದಿಸುತ್ತಿರಬಹುದು.